ಊರಿನ ಗಾಲ್ಫ್ ಮೈದಾನಕ್ಕೆ ಅದರದೇ ಗಲ್ಲಾ ಪೆಟ್ಟಿಗೆ ಬೇಕು

18,000 ರೂಪಾಯಿಯ ಒಂದು ಕಡತ ನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗ್ರೀನ್ ಅಂದರೆ ಚೆಂಡು ಬೀಳುವ ಕುಳಿಯ ಸುತ್ತಲಿನ ನುಣುಪು ಹುಲ್ಲು; ಅದನ್ನು ಕತ್ತರಿಸುವ ಮೊವರ್ ಯಂತ್ರದ ರೀಲಿಗೆ, ಅಂದರೆ ಬ್ಲೇಡಿನ ಉರುಳೆಗೆ, ಸಾಣೆ ಹಿಡಿಸಬೇಕಿತ್ತು, ಇನ್ನೇನಿಲ್ಲ. ಬೇರೆ ರಾಜ್ಯದ ಒಂದು ಸ್ಥಳೀಯ ಸಂಸ್ಥೆಗೆ ಸೇರಿದ ಒಂಬತ್ತು ಹೋಲಿನ ಮೈದಾನ ಅದು (ಹೊಡೆಯಲು ಶುರುಮಾಡುವ ಜಾಗದಿಂದ ಕುಳಿಯ ತನಕದ ಒಂದು ಪಟ್ಟಿಗೆ ಒಂದು ಹೋಲು ಅನ್ನುತ್ತೇವೆ). ನಾನು ಅಲ್ಲಿ ಹುಲ್ಲಿನ ಮೇಲ್ವಿಚಾರಕ. ಗೇಟಿನಲ್ಲಿ ದಿನಾ ದುಡ್ಡು ಬರುತ್ತಿತ್ತು. ಸಂಜೆಯಾಗುತ್ತಲೇ ಅದು ಸಂಸ್ಥೆಯ ದೊಡ್ಡ ಖಜಾನೆ ಸೇರುತ್ತಿತ್ತು. ಅಲ್ಲಿಗೆ ಹೋದ ದುಡ್ಡನ್ನು ವಾಪಸ್ ತರಬೇಕೆಂದರೆ ರಸ್ತೆ, ಚರಂಡಿ, ಬೀದಿದೀಪದ ಕಡತಗಳ ಹಿಂದೆ ನಮ್ಮ ಕಡತವೂ ಸಾಲು ನಿಲ್ಲಬೇಕಿತ್ತು.

ಮೊಂಡಾದ ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಬೆಳಗ್ಗೆ ಹಸಿರಾಗಿದ್ದ ಗ್ರೀನ್ ಮಧ್ಯಾಹ್ನದ ಹೊತ್ತಿಗೆ ಬಿಳಿಚಿಕೊಳ್ಳುತ್ತದೆ. ಒಂದು ಎಸಳು ಕಿತ್ತು ಬೆಳಕಿಗೆ ಹಿಡಿದು ನೋಡಿ: ಚೂಪಾಗಿ ತುಂಡಾಗಿರಬೇಕಾದ ತುದಿ ಹಳೇ ಗೋಣಿಚೀಲದ ಅಂಚಿನ ಹಾಗೆ ನಾರುನಾರಾಗಿರುತ್ತದೆ. ಶಿಲೀಂಧ್ರ ಒಳಗೆ ನುಗ್ಗುವುದು ಅಲ್ಲಿಂದಲೇ. ಮಳೆ ಹಿಡಿದ ಮೇಲೆ ಮೂರು ಗ್ರೀನ್ ಕಣ್ಣೆದುರೇ ಕೊಳೆತು ಹೋದವು. ಅವನ್ನು ಮತ್ತೆ ಎಬ್ಬಿಸಲು ಆದ ಖರ್ಚಿನಲ್ಲಿ ನೂರು ಸಲ ಸಾಣೆ ಹಿಡಿಸಬಹುದಿತ್ತು. ಅಷ್ಟರಲ್ಲಿ ಆಟಗಾರರು ಬೇರೆ ಕಡೆ ಹೋಗಿದ್ದರು. ಹೋದವರಲ್ಲಿ ಅರ್ಧದಷ್ಟು ಜನ ಹಿಂದಿರುಗಲಿಲ್ಲ.

ನಮ್ಮ ತಂದೆ ಬೆಂಗಳೂರಿನ ಹೈಗ್ರೌಂಡ್ಸ್‌ನ ಗಾಲ್ಫ್ ಮೈದಾನದಲ್ಲಿ ಕ್ಯಾಡಿ, ಅಂದರೆ ಆಟಗಾರರ ಬ್ಯಾಗು ಹೊರುವವರು, ಆಗಿದ್ದರು. ನಾನೂ ಹನ್ನೆರಡನೇ ವಯಸ್ಸಿಗೆ ಬ್ಯಾಗು ಹೊತ್ತವನು; ಆಮೇಲೆ ಮಾಲಿಗಳ ಗ್ಯಾಂಗಿಗೆ ಸೇರಿ ಮೂವತ್ತೆಂಟು ವರ್ಷ ಹುಲ್ಲಿನ ಕೆಲಸ ಮಾಡಿದೆ. ಈಗ ಮುರುಗೇಶಪಾಳ್ಯದ ಮನೆಯಲ್ಲಿದ್ದೇನೆ. ನಮ್ಮ ಬಡಾವಣೆ ಸಂಘದ ಹುಡುಗರು ಬಂದು ಕೇಳುತ್ತಾರೆ: “ಅಂಕಲ್, ಬೆಂಗಳೂರಿಗೆ ಈಗ ಐದು ಪಾಲಿಕೆ ಆಗಿವೆಯಲ್ಲ, ಯಾವುದಾದರೂ ಒಂದು ಪಾಲಿಕೆ ಜನರಿಗೇ ಅಂತ ಗಾಲ್ಫ್ ಮೈದಾನ ಮಾಡಿದರೆ ನಡೆಸೋಕೆ ಆಗುತ್ತಾ?” ಆಗುತ್ತದೆ. ಹೇಗೆ ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ.

ಇದು ಸಾಹೇಬರ ಆಟ, ಊರಿಗೇಕೆ ಅನ್ನುವವರಿಗೆ

ಗಾಲ್ಫ್ ಹುಟ್ಟಿ ಬೆಳೆದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಪ್ರಪಂಚಕ್ಕೇ ಹೆಸರಾದ ಓಲ್ಡ್ ಕೋರ್ಸ್ ಇವತ್ತಿಗೂ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಟೀವಿಯಲ್ಲಿ ಮೊದಲ ಟೀ, ಅಂದರೆ ಆಟ ಶುರುವಾಗುವ ಜಾಗದ, ಹಿಂದೆ ಕಾಣುವ ಕಲ್ಲಿನ ಕಟ್ಟಡ ಖಾಸಗಿ ಕ್ಲಬ್ಬಿನದು, ಹುಲ್ಲು ಸಾರ್ವಜನಿಕರದು. ಪಾರ್ಲಿಮೆಂಟಿನ ಕಾಯ್ದೆಯಿಂದ 1974ರಲ್ಲಿ ಆದ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ. ಊರಿನವರು ನಾಯಿ, ಮಕ್ಕಳನ್ನು ಕರೆದುಕೊಂಡು ಆಡುವ ಹುಲ್ಲಿನ ಹಾದಿಯಾದ ಫೇರ್‌ವೇ ಮೇಲೆಯೇ ಓಡಾಡುತ್ತಾರೆ. ಆದರೆ ಅದೇ ಊರಿನ ಕೌನ್ಸಿಲ್ 1797ರಲ್ಲಿ ದಿವಾಳಿಯಾಗಿ ಆ ಜಾಗವನ್ನು ಮಾರಿತ್ತು. ಕೊಂಡವರು ಮೊಲ ಸಾಕಿದರು, ಮೊಲ ನೆಲ ತೋಡಿತು, ಆಟಗಾರರು ಕೋರ್ಟು ಹತ್ತಿದರು. ಊರು ಆ ನೆಲವನ್ನು ಮತ್ತೆ ತನ್ನದಾಗಿಸಿಕೊಳ್ಳಲು 1894ರ ಕಾಯ್ದೆ ಬರಬೇಕಾಯಿತು. ಜಾಗವನ್ನು ಒತ್ತೆ ಇಟ್ಟು ಸಾಲ ಮಾಡೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಈ ಕಥೆ ಹೇಳಿ.

ನ್ಯೂಯಾರ್ಕ್ ನಗರ 1895ರಲ್ಲೇ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕಿನಲ್ಲಿ ಸಾರ್ವಜನಿಕ ಮೈದಾನ ತೆರೆಯಿತು. ನಮ್ಮ ದೇಶದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಕೋರ್ಸ್ ನಡೆಸುತ್ತಿದೆ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಇದೆ. ಬ್ಯಾಗು ಹೊರುತ್ತಲೇ ಆಟ ಕಲಿತ ನಮ್ಮೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಇಲ್ಲೇ ಬೆಳೆದ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಗಾಲ್ಫ್ ಅಂದರೇನು ಅಂತ ತಿಳಿಯದವರೂ ಬೆಳಗ್ಗೆ ಎದ್ದು ಟೀವಿ ಮುಂದೆ ಕೂತಿದ್ದರು. ಇಂಥ ಮಕ್ಕಳು ಇನ್ನೂ ಇದ್ದಾರೆ. ಅವರಿಗೆ ಒಳಗೆ ಬರಲು ಒಂದು ಗೇಟು ಬೇಕು.

ಜಾಗ

ಹದಿನೆಂಟು ಹೋಲಿನ ಆಸೆ ಬಿಡಿ. ಅದಕ್ಕೆ ನೂರಿಪ್ಪತ್ತರಿಂದ ನೂರೈವತ್ತು ಎಕರೆ ಬೇಕು; ಈ ಊರಿನಲ್ಲಿ ಅಷ್ಟು ಜಾಗ ಸಿಕ್ಕರೆ ಮೊದಲು ಆಸ್ಪತ್ರೆ, ಶಾಲೆ, ಕಾಡು ಆಗಲಿ. ಒಂಬತ್ತು ಹೋಲು, ಪಕ್ಕದಲ್ಲೊಂದು ಡ್ರೈವಿಂಗ್ ರೇಂಜ್, ಅಂದರೆ ನಿಂತಲ್ಲೇ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲು: ನಲವತ್ತೈದು ಎಕರೆಯಲ್ಲಿ ಚೆನ್ನಾಗಿ ಕೂರುತ್ತದೆ. ಮೂರು ಹೊಡೆತದಲ್ಲಿ ಮುಗಿಸಬೇಕಾದ ಚಿಕ್ಕ ಪಾರ್-3 ಹೋಲುಗಳಷ್ಟೇ ಆದರೆ ಇಪ್ಪತ್ತೈದೂ ಸಾಕು.

ಕೆರೆ ಅಂಗಳ, ರಾಜಕಾಲುವೆ ಅಂಚು ಬೇಡವೇ ಬೇಡ. ಈಗಿರುವ ಪಾರ್ಕನ್ನಾಗಲಿ ಮಕ್ಕಳು ಕ್ರಿಕೆಟ್ ಆಡುವ ಬಯಲನ್ನಾಗಲಿ ಮುಟ್ಟಬೇಡಿ. ಉದ್ಯಾನವನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಅದಿಲ್ಲದಿದ್ದರೂ ಒಬ್ಬರ ಆಟ ಕಿತ್ತು ಇನ್ನೊಬ್ಬರಿಗೆ ಕೊಡುವುದು ತಪ್ಪು. ಉಳಿಯುವುದು ಹಾಳುಬಿದ್ದ ಕಲ್ಲುಕ್ವಾರಿ ಸುತ್ತಲಿನ ನೆಲ ಮತ್ತು ಕಸ ಸುರಿದು ಮುಚ್ಚಿದ ಜಾಗ. ಮಂಡೂರಿಗೆ ನಗರದ ಕಸ ಹೋಗುವುದು 2014ರಲ್ಲಿ ನಿಂತಿತಲ್ಲ, ಅಂಥವು. ಕ್ಯಾಲಿಫೋರ್ನಿಯಾದ ಮೌಂಟೇನ್ ವ್ಯೂ ನಗರದ ಶೋರ್‌ಲೈನ್ ಮೈದಾನ ಕಸದ ಗುಡ್ಡೆಯ ಮೇಲೇ ಇದೆ. ಆದರೆ ಅದು ಅಗ್ಗದ ದಾರಿ ಅಂದುಕೊಳ್ಳಬೇಡಿ. ಒಳಗಿನ ಕಸ ಕುಸಿಯುತ್ತದೆ, ಮೀಥೇನ್ ಅನಿಲ ಹೊರಬರುತ್ತದೆ, ಕೊಳಚೆ ರಸ ಇಳಿಯುತ್ತದೆ. ನ್ಯೂಯಾರ್ಕಿನ ಫೆರಿ ಪಾಯಿಂಟ್‌ನಲ್ಲಿ ಇಂಥದೇ ಜಾಗದ ಮೇಲೆ ನಗರದವರು ಹತ್ತು ಕೋಟಿ ಡಾಲರಿಗೂ ಹೆಚ್ಚು ಸುರಿದ ಮೇಲೆ 2015ರಲ್ಲಿ ಮೈದಾನ ತೆರೆಯಿತು. ನಮ್ಮಲ್ಲಿ ಆ ನೆಲದ ಶುದ್ಧೀಕರಣವನ್ನು ಕಸ ನಿರ್ವಹಣೆಯ ಬಾಬ್ತಿನಲ್ಲೇ ಮುಗಿಸಬೇಕು. ಗಾಲ್ಫ್ ಲೆಕ್ಕಕ್ಕೆ ಹಾಕಿದರೆ ಮೈದಾನ ಹುಟ್ಟುವಾಗಲೇ ಸಾಲದಲ್ಲಿ ಮುಳುಗಿರುತ್ತದೆ.

ನಕ್ಷೆ ಬರೆಯುವವರಿಗೆ ಒಂದು ಮಾತು. ಆಡುವವರಲ್ಲಿ ಹೆಚ್ಚಿನವರು ಬಲಗೈಯವರು, ಹೊಸಬರ ತಪ್ಪು ಹೊಡೆತ ಬಲಕ್ಕೇ ತಿರುಗುತ್ತದೆ. ಹೋಲಿನ ಬಲಬದಿಗೆ ರಸ್ತೆ, ಮನೆ, ಅಂಗನವಾಡಿ ಬರದ ಹಾಗೆ ತಿರುಗಿಸಿ. ಬಲೆ ಎಷ್ಟೇ ಎತ್ತರ ಕಟ್ಟಿದರೂ ಒಂದು ದಿನ ಚೆಂಡು ದಾಟುತ್ತದೆ. ಅದಕ್ಕೆ ಮೂರನೇ ವ್ಯಕ್ತಿಯ ವಿಮೆ ಮೊದಲ ದಿನವೇ ಇರಲಿ.

ನೀರಿನ ಲೆಕ್ಕ ಬರೆಯದೆ ಸಭೆ ಕರೆಯಬೇಡಿ

ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ಹರಡಲು 4,047 ಲೀಟರ್ ಬೇಕು. ಈ ಒಂದು ಅಂಕಿ ಕಂಠಪಾಠ ಇದ್ದರೆ ಯಾರೂ ನಿಮಗೆ ಸುಳ್ಳು ಹೇಳಲಾಗದು. ನಲವತ್ತೈದು ಎಕರೆಯಲ್ಲಿ ನೀರು ಹಾಯಿಸುವುದು ಇಪ್ಪತ್ತೈದಕ್ಕೆ ಅನ್ನಿ. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಹಿಡಿಯಿರಿ. ಐದು ಲಕ್ಷ ಲೀಟರ್ ಆಯಿತು. ತಲೆಗೆ 135 ಲೀಟರಿನಂತೆ 3,700ಕ್ಕೂ ಹೆಚ್ಚು ಜನರ ಒಂದು ದಿನದ ನೀರು ಅದು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ ದಿನಕ್ಕೆ ನಲವತ್ತೆರಡು ಟ್ಯಾಂಕರ್.

2024ರ ಮಾರ್ಚ್ ನೆನಪಿದೆಯಲ್ಲ? ಕೊಳವೆಬಾವಿಗಳು ಬತ್ತಿ, ಗಿಡಕ್ಕೆ, ಕಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಅಂಥ ಊರಿನಲ್ಲಿ ಕಾವೇರಿ ನೀರನ್ನೋ ಬೋರ್‌ವೆಲ್ ನೀರನ್ನೋ ನಂಬಿ ಹುಲ್ಲು ಬೆಳೆಸುವುದು ಅನ್ಯಾಯ. ಸಂಸ್ಕರಿಸಿದ ಕೊಳಚೆ ನೀರೊಂದೇ ದಾರಿ. ಸಂಸ್ಕರಣಾ ಘಟಕದಿಂದ ನೇರ ಪೈಪು ಎಳೆಯಲು ಸಾಧ್ಯವಿಲ್ಲದ ಜಾಗ ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ. ಜಲಮಂಡಳಿಯ ಜೊತೆ ಕನಿಷ್ಠ ಹದಿನೈದು ವರ್ಷದ ಲಿಖಿತ ಒಪ್ಪಂದ ಆಗಬೇಕು: ದಿನಕ್ಕೆ ಎಷ್ಟು ಲೀಟರ್, ಯಾವ ಗುಣಮಟ್ಟ, ಯಾವ ದರ. ಘಟಕ ಕೆಟ್ಟು ನಿಂತರೆ ಅಂತ ಹತ್ತು ದಿನದ ನೀರಿಗೆ ಹೊಂಡ ತೋಡಿ. ಐವತ್ತು ಮೀಟರ್ ಉದ್ದ, ಐವತ್ತು ಅಗಲ, ಎರಡು ಆಳ. ಮಳೆನೀರೂ ಅದಕ್ಕೇ ಬರಲಿ.

ಸಂಸ್ಕರಿಸಿದ ನೀರಿನಲ್ಲಿ ಉಪ್ಪಿನಂಶ, ಅದರಲ್ಲೂ ಸೋಡಿಯಂ ಹೆಚ್ಚು. ನಮ್ಮ ಕೆಂಪು ಜೇಡಿಗೆ ಅದು ಬಿದ್ದು ಬಿದ್ದು ಮೇಲ್ಪದರ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ನೀರು ಕೆಳಗಿಳಿಯದೆ ನಿಲ್ಲುತ್ತದೆ. ಜಿಪ್ಸಂ ಹಾಕಿ, ಮುಳ್ಳಿನ ರೋಲರಿನಿಂದ ತೂತು ಹೊಡೆದು ತೊಳೆಯಬೇಕು. ಆರು ತಿಂಗಳಿಗೊಮ್ಮೆ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕಳಿಸಿ. ನಮ್ಮ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆ ಇರುವಾಗ ದೂರ ಹುಡುಕಬೇಕಿಲ್ಲ. ಉಪ್ಪು ತೀರಾ ಜಾಸ್ತಿ ಬಂದರೆ ಪಾಸ್ಪಾಲಂ ಅನ್ನುವ ಹುಲ್ಲು ತಡೆದುಕೊಳ್ಳುತ್ತದೆ. ಇಲ್ಲವಾದರೆ ಬರ್ಮುಡಾ. ಹೆಸರು ಪರದೇಶದ್ದಾದರೂ ಅದು ನಾವು ಗಣೇಶನಿಗೆ ಇಡುವ ಗರಿಕೆಯೇ. ಗ್ರೀನಿಗೆ ಬಳಸುವುದು ಗರಿಕೆಯನ್ನು ಆಫ್ರಿಕಾದ ಅದರ ದಾಯಾದಿ ಹುಲ್ಲಿನ ಜೊತೆ ಸೇರಿಸಿ ಮಾಡಿದ ಮಿಶ್ರ ತಳಿ.

ಕಟ್ಟಲು ದುಡ್ಡು

ಮೊದಲ ಬಂಡವಾಳ ಎಲ್ಲಿ ಹೋಗಬೇಕು ಅಂದರೆ ನೆಲದ ಕೆಳಗೆ: ಬಸಿಗಾಲುವೆ, ಪೈಪು, ಪಂಪು, ಮರಳು. ಒಂದು ಗ್ರೀನ್ ಐನೂರು ಚದರ ಮೀಟರ್ ಅಂದರೆ, ಅಡಿಯಲ್ಲಿ ಹತ್ತು ಸೆಂಟಿಮೀಟರ್ ಜಲ್ಲಿ, ಮೇಲೆ ಮೂವತ್ತು ಸೆಂಟಿಮೀಟರ್ ಮರಳಿನ ಮಿಶ್ರಣ. ಒಂಬತ್ತು ಗ್ರೀನು, ಅಭ್ಯಾಸಕ್ಕೊಂದು, ಹತ್ತಕ್ಕೆ 1,500 ಘನ ಮೀಟರ್ ಮರಳು. ಟಿಪ್ಪರಿಗೆ ಹದಿನೈದು ಘನ ಮೀಟರಿನಂತೆ ನೂರು ಲೋಡು. ಈ ಮರಳಿನಲ್ಲೇ ಮೋಸ ಆಗುವುದು. ನಾನಿದ್ದ ಇನ್ನೊಂದು ಕಡೆ ಗುತ್ತಿಗೆದಾರರೊಬ್ಬರು ತೊಳೆದ ಮರಳಿನ ಬದಲು ಧೂಳು ತುಂಬಿದ ಎಂ-ಸ್ಯಾಂಡ್ ಇಳಿಸಿದರು. ಹುಲ್ಲು ಮುಚ್ಚಿದ ಮೇಲೆ ಯಾರಿಗೂ ಗೊತ್ತಾಗಲಿಲ್ಲ. ಮೊದಲ ಜೋರು ಮಳೆಗೆ ಗ್ರೀನ್ ತಟ್ಟೆಯ ಹಾಗೆ ನೀರು ಹಿಡಿದು ನಿಂತಿತು. ಅಂದಿನಿಂದ ನಾನು ಪ್ರತಿ ಲೋಡಿನಿಂದ ಒಂದು ಹಿಡಿ ಮರಳನ್ನು ನೀರು ತುಂಬಿದ ಗಾಜಿನ ಬಾಟಲಿಗೆ ಹಾಕಿ ಕುಲುಕಿ ಇಡುತ್ತಿದ್ದೆ. ಒಂದು ಗಂಟೆ ಬಿಟ್ಟು ನೋಡಿ, ಮರಳಿನ ಮೇಲೆ ಕೆನೆಯ ಹಾಗೆ ಧೂಳಿನ ಪದರ ಕೂತಿದ್ದರೆ ಲಾರಿ ವಾಪಸ್. ಪ್ರಯೋಗಾಲಯದ ವರದಿ ಬರುವ ತನಕ ಕಾಯಲಾಗದು. ಚಾಲಕ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತಾನೆ.

ಕ್ಲಬ್ ಹೌಸ್ ಕಟ್ಟಬೇಡಿ. ಮನವಿ ಮಾಡಿಕೊಳ್ಳುತ್ತೇನೆ. ಚೀಟಿ ಕೊಡುವ ಕೋಣೆ, ಗಂಡಸರಿಗೆ ಹೆಂಗಸರಿಗೆ ಶುಚಿಯಾದ ಶೌಚಾಲಯ, ಯಂತ್ರದ ಶೆಡ್ಡು, ಕ್ಯಾಡಿಗಳಿಗೂ ಮಾಲಿಗಳಿಗೂ ನೆರಳು ಮತ್ತು ಊಟದ ಜಾಗ, ಒಂದು ಇಡ್ಲಿ ಕಾಫಿ ಅಂಗಡಿ. ಅಂಗಡಿಯನ್ನು ಸ್ತ್ರೀಶಕ್ತಿ ಸಂಘಕ್ಕೆ ಬಾಡಿಗೆಗೆ ಕೊಡಿ. ಬಾರ್ ಬಂದ ದಿನ ಜಾಗ ನಿಧಾನಕ್ಕೆ ಸದಸ್ಯರ ಕೋಣೆಯಾಗುತ್ತದೆ, ಚೀಟಿ ಕೊಂಡು ಬಂದ ಹುಡುಗ ಬಾಗಿಲಲ್ಲೇ ಮುದುರಿ ನಿಲ್ಲುತ್ತಾನೆ.

ದುಡ್ಡಿನ ಮೂಲಕ್ಕೆ ಬರೋಣ. ಮುನಿಸಿಪಲ್ ಬಾಂಡ್, ಅಂದರೆ ಪಾಲಿಕೆಯ ಸಾಲಪತ್ರ, ಹೊರಡಿಸಿದ ದೇಶದ ಮೊದಲ ನಗರ ನಮ್ಮದು. 1997ರಲ್ಲಿ, ರಾಜ್ಯ ಸರ್ಕಾರದ ಖಾತರಿ ಮೇಲೆ, 125 ಕೋಟಿ ರೂಪಾಯಿ. ಹಾಗಂತ ಗಾಲ್ಫಿಗೆ ಬಾಂಡ್ ಬೇಡ. ಅಮೆರಿಕದಲ್ಲಿ ನಗರಗಳು ಚೀಟಿಯ ಆದಾಯ ನಂಬಿ ಬಾಂಡ್ ಮಾಡಿ ಮೈದಾನ ಕಟ್ಟಿದ್ದುಂಟು. ಆಟಗಾರರು ಕಡಿಮೆಯಾದಾಗ ಕಂತು ಊರಿನ ಖಜಾನೆ ಮೇಲೆ ಬಿದ್ದು, ಗಾಲ್ಫ್ ಆಡದವರು ಸಿಟ್ಟಾಗಿದ್ದೂ ಉಂಟು. ಅವರ ಸಿಟ್ಟು ನ್ಯಾಯವೇ. ನನ್ನ ಅಭಿಪ್ರಾಯ ಹೀಗೆ: ನೆಲ, ಹೊಂಡ, ಮರ, ಬೇಲಿಯ ಹೊರಗಿನ ನಡಿಗೆ ಹಾದಿ ಇವು ಗಾಲ್ಫ್ ಇಲ್ಲದಿದ್ದರೂ ಊರಿಗೆ ಬೇಕು, ಆದ್ದರಿಂದ ಪಾಲಿಕೆಯ ಬಂಡವಾಳ ವೆಚ್ಚದಿಂದ ಆಗಲಿ. ಗ್ರೀನು, ರೇಂಜಿಗೆ ಬೇಕಾದ ಹಣವನ್ನು ಪಾಲಿಕೆ ಮುಂಗಡವಾಗಿ ಕೊಡಲಿ. ಮೈದಾನ ಬಡ್ಡಿಯಿಲ್ಲದೆ ವರ್ಷ ವರ್ಷ ತೀರಿಸಲಿ. ಯಂತ್ರಗಳನ್ನು ಒಟ್ಟಿಗೆ ಕೊಳ್ಳದೆ ಬಾಡಿಗೆ ಕಂತಿನಲ್ಲಿ ತನ್ನಿ. ಮಕ್ಕಳ ತರಬೇತಿಗೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣ ಕೇಳಬಹುದು: 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ, ಗಾಲ್ಫ್ 2016ರಿಂದ ಮತ್ತೆ ಒಲಿಂಪಿಕ್ಸಿನಲ್ಲಿದೆ. ಈ ಊರಿನಲ್ಲಿ ಕಂಪನಿಗಳಿಗೆ ಬರವಿಲ್ಲ. ಆದರೆ ದುಡ್ಡು ಕೊಟ್ಟವರಿಗೆ ಬೆಳಗಿನ ಹೊತ್ತನ್ನು ಕಾಯ್ದಿರಿಸುವ ಮಾತು ಬಂದರೆ ಕೈಮುಗಿದು ಬೇಡ ಅನ್ನಿ.

ಗಲ್ಲಾ ಪೆಟ್ಟಿಗೆ

ಇಲ್ಲಿಗೆ ಬರಲೆಂದೇ ಇಷ್ಟೆಲ್ಲ ಹೇಳಿದೆ. ಮೈದಾನಕ್ಕೆ ಪ್ರತ್ಯೇಕ ನಿಧಿ, ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ಗೇಟಿನಲ್ಲಿ ಬಂದದ್ದು ಆ ಖಾತೆಗೇ ಹೋಗಬೇಕು, ಖರ್ಚು ಅಲ್ಲಿಂದಲೇ ಆಗಬೇಕು. ಅಮೆರಿಕದ ಸ್ಯಾನ್ ಡಿಯಾಗೋ ನಗರ ಟಾರಿ ಪೈನ್ಸ್ ಸೇರಿ ತನ್ನ ಮೂರು ಮೈದಾನಗಳನ್ನು ಹೀಗೇ ಪ್ರತ್ಯೇಕ ನಿಧಿಯಲ್ಲಿಟ್ಟು ನಡೆಸುತ್ತದೆ. ನಮಗೂ ಇದು ಹೊಸತಲ್ಲ. ಎರಡು ದಶಕಗಳ ಹಿಂದೆಯೇ ನಮ್ಮ ಪಾಲಿಕೆ ನಿಧಿ ಆಧಾರಿತ ಲೆಕ್ಕಪದ್ಧತಿಗೆ ಬಂದಿತ್ತು. ಕೌನ್ಸಿಲ್ ನಿರ್ಣಯದಲ್ಲಿ ಎರಡು ವಾಕ್ಯ ಖಡಾಖಂಡಿತವಾಗಿ ಬರೆಸಿ. ಒಂದು, ಈ ನಿಧಿಯಿಂದ ಬೇರೆ ಬಾಬ್ತಿಗೆ ಹಣ ವರ್ಗಾಯಿಸುವಂತಿಲ್ಲ. ಎರಡು, ಇಂತಿಷ್ಟು ರೂಪಾಯಿ ತನಕದ ದುರಸ್ತಿಗೆ ಮೈದಾನದ ವ್ಯವಸ್ಥಾಪಕರ ಸಹಿಯೇ ಸಾಕು. ಸಾಣೆ, ಬೆಲ್ಟು, ಬೇರಿಂಗು, ಗೊಬ್ಬರ, ಔಷಧಿ, ಇವಕ್ಕೆ ವರ್ಷದ ಆರಂಭದಲ್ಲೇ ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯಂತೆ ಟೆಂಡರ್ ಕರೆದು ದರ ಒಪ್ಪಂದ ಮಾಡಿಟ್ಟುಕೊಂಡರೆ ಆಡಿಟ್‌ನಲ್ಲೂ ತಕರಾರು ಬರುವುದಿಲ್ಲ.

ಒಂದು ಮಾದರಿ ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ನಾನು ಹಿಡಿದುಕೊಂಡವು, ಜಿಎಸ್‌ಟಿ, ಪಾಲಿಕೆಯ ಮುಂಗಡ, ಯಂತ್ರದ ಕಂತು ಬಿಟ್ಟು; ನೀವು ನಿಮ್ಮ ಅಂಕಿ ಹಾಕಿ ನೋಡಿ. ಇಪ್ಪತ್ತೆರಡು ಜನ ಹುಲ್ಲಿನ ಕೆಲಸಗಾರರು, ಪಿಎಫ್, ಇಎಸ್‌ಐ ಸೇರಿ ತಲೆಗೆ ತಿಂಗಳಿಗೆ 25,000 ಅಂದರೆ ವರ್ಷಕ್ಕೆ 66 ಲಕ್ಷ. ಮೇಲ್ವಿಚಾರಕ, ಲೆಕ್ಕದವರು, ಗೇಟಿನವರು 15 ಲಕ್ಷ. ಗೊಬ್ಬರ, ಮರಳು, ಔಷಧಿ 20. ಪಂಪಿನ ಕರೆಂಟು 15. ಡೀಸೆಲ್, ದುರಸ್ತಿ 14. ನೀರಿನ ಬಿಲ್ಲು 10. ಒಟ್ಟು 140 ಲಕ್ಷ. ಇದರ ಮೇಲೆ ಮೀಸಲು 20 ಲಕ್ಷ. ಮೊವರ್ ಏಳೆಂಟು ವರ್ಷಕ್ಕೆ ಮುಗಿಯುತ್ತದೆ, ಪಂಪು ಪೈಪು ಹದಿನೈದಿಪ್ಪತ್ತಕ್ಕೆ, ಗ್ರೀನನ್ನೂ ಇಪ್ಪತ್ತರ ಆಸುಪಾಸಿನಲ್ಲಿ ಬಗೆದು ಹೊಸದಾಗಿ ಕಟ್ಟಬೇಕು. ಮೀಸಲು ಇಡದೆ “ಲಾಭ” ತೋರಿಸುವವರು ಮೈದಾನವನ್ನು ಸ್ವಲ್ಪ ಸ್ವಲ್ಪವಾಗಿ ಮಾರಿ ತಿನ್ನುತ್ತಿದ್ದಾರೆ ಅಂತಲೇ ಅರ್ಥ.

ಆದಾಯ: ಸೋಮವಾರ ರಜೆ, ವರ್ಷಕ್ಕೆ 313 ದಿನ. ದಿನಕ್ಕೆ ಸರಾಸರಿ 70 ಜನ, ಸರಾಸರಿ ಚೀಟಿ 350 ರೂಪಾಯಿ ಅಂದರೆ ಸುಮಾರು 77 ಲಕ್ಷ. ರೇಂಜಿನಲ್ಲಿ ದಿನಕ್ಕೆ 150 ಬುಟ್ಟಿ ಚೆಂಡು, ಬುಟ್ಟಿಗೆ 150 ರೂಪಾಯಿ, 70 ಲಕ್ಷ. ಅಂಗಡಿ ಬಾಡಿಗೆ, ತರಬೇತಿಯ ಪಾಲು ಸೇರಿ 14. ಒಟ್ಟು 161 ಲಕ್ಷ. ಕೂದಲೆಳೆಯಷ್ಟು ಉಳಿತಾಯ.

ಇದರಲ್ಲಿ ಎರಡು ಸಂಗತಿ ನೋಡಿ. ಹೆಚ್ಚುಕಡಿಮೆ ಅರ್ಧ ದುಡ್ಡು ಬರುತ್ತಿರುವುದು ರೇಂಜಿನಿಂದ. 230 ಮೀಟರ್ ಉದ್ದದ, ಕಡಿಮೆ ನೀರು ಕೇಳುವ, ದೀಪ ಹಾಕಿದರೆ ರಾತ್ರಿ ಒಂಬತ್ತರ ತನಕ ನಡೆಯುವ ಜಾಗ ಅದು. ಆಫೀಸು ಮುಗಿಸಿ ಬಂದವರು ಅರ್ಧ ಗಂಟೆ ಹೊಡೆದು ಹೋಗುತ್ತಾರೆ. ಅವರಿಗೆ ಬೂಟು, ಬ್ಯಾಗು, ನಾಲ್ಕು ಗಂಟೆ ಬಿಡುವು ಏನೂ ಬೇಡ. ಹಣ ಸಾಲದಿದ್ದರೆ ರೇಂಜನ್ನು ಮೊದಲು ತೆರೆಯಿರಿ, ಹೋಲುಗಳು ನಿಧಾನವಾಗಿ ಬರಲಿ. ಇನ್ನೊಂದು, ಒಂದು ದಿನ ಬಾಗಿಲು ಹಾಕಿದರೆ 47,000 ರೂಪಾಯಿ ಹೋಯಿತು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಇಪ್ಪತ್ತೈದು ದಿನ ಹೋದರೆ ಹನ್ನೊಂದು ಮುಕ್ಕಾಲು ಲಕ್ಷ. ಆ ಕೊರತೆಗೆ ಮೀಸಲು ಮುರಿಯಬಾರದು; ಮೊದಲ ವರ್ಷವೇ ಮೂರು ತಿಂಗಳ ಖರ್ಚಿನಷ್ಟು ಹಣವನ್ನು ಪಾಲಿಕೆ ಖಾತೆಯಲ್ಲಿಟ್ಟು ಬಾಗಿಲು ತೆರೆಯಬೇಕು.

ಸೋರಿಕೆ ಹಿಡಿಯಲು ದೊಡ್ಡ ವಿದ್ಯೆ ಬೇಡ. ತಂಡಗಳನ್ನು ಸರದಿಯಂತೆ ಆಟಕ್ಕೆ ಬಿಡುವ ಸ್ಟಾರ್ಟರ್ ಬರೆದ ಟೀ ಹಾಳೆ, ಕ್ರಮಸಂಖ್ಯೆಯ ಚೀಟಿ, ಬ್ಯಾಂಕಿನ ಜಮೆ, ಮೂರೂ ಪ್ರತಿ ಸಂಜೆ ಒಂದಕ್ಕೊಂದು ತಾಳೆಯಾಗಬೇಕು. ಎಂಟು ನಿಮಿಷಕ್ಕೊಂದು ತಂಡ, ತಂಡಕ್ಕೆ ನಾಲ್ಕು ಜನ. ಗಂಟೆಗೆ ಏಳು ತಂಡ, 28 ಜನ. ಭಾನುವಾರ ಬೆಳಗ್ಗೆ ಮೂರನೇ ಹೋಲಿನ ಹತ್ತಿರ ಒಂದು ಗಂಟೆ ನಿಂತು ತಲೆ ಎಣಿಸಿ. ಹಾಳೆಯಲ್ಲಿ 16 ಇದ್ದು ಕಣ್ಣಿಗೆ 26 ಕಂಡರೆ ಉಳಿದದ್ದು ಹೇಳಬೇಕಿಲ್ಲ. ತಿಂಗಳ ಜಮಾ ಖರ್ಚನ್ನು ಗೇಟಿನ ಪಕ್ಕ ಕನ್ನಡದಲ್ಲಿ ದೊಡ್ಡ ಹಲಗೆ ಮೇಲೆ ಬರೆಸಿ.

ಯಾರ ಕೈಗೆ ಕೊಡುವುದು

ಇಡೀ ಮೈದಾನವನ್ನು ಮೂವತ್ತು ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಬಾಡಿಗೆ ಎಣಿಸುವುದು ಸುಲಭ. ಐದೇ ವರ್ಷದಲ್ಲಿ ಚೀಟಿ ದರ ಜನರ ಕೈಗೆಟುಕದು. ಇಲಾಖೆಯೇ ನಡೆಸಿದರೆ ಹುಲ್ಲು ಬಲ್ಲ ಅಧಿಕಾರಿ ಎರಡು ವರ್ಷಕ್ಕೆ ವರ್ಗವಾಗುತ್ತಾನೆ. ನಾನು ಒಪ್ಪುವುದು ನಡುವಿನ ದಾರಿಯನ್ನು: ನೆಲ, ದರ, ಗಲ್ಲಾ ಪಾಲಿಕೆಯ ಕೈಯಲ್ಲಿ, ಹುಲ್ಲಿನ ಆರೈಕೆ ಮಾತ್ರ ಐದು ವರ್ಷದ ಗುತ್ತಿಗೆ. ಮೇಲೆ ಏಳು ಜನರ ಮಂಡಳಿ, ಅದರಲ್ಲಿ ಒಬ್ಬರು ಕ್ಯಾಡಿಗಳ ಪರ, ಒಬ್ಬರು ಅಕ್ಕಪಕ್ಕದ ಬಡಾವಣೆಯವರು, ಒಬ್ಬರು ಲೆಕ್ಕಪರಿಶೋಧಕರು.

ಗುತ್ತಿಗೆ ಪತ್ರದಲ್ಲಿ “ಚೆನ್ನಾಗಿ ನಿರ್ವಹಿಸತಕ್ಕದ್ದು” ಅಂತ ಬರೆದರೆ ನೀರಿನಲ್ಲಿ ಹೋಮ. ಅಳೆಯಲು ಬರುವುದನ್ನು ಬರೆಯಿರಿ. ಗ್ರೀನಿನ ಹುಲ್ಲು ನಾಲ್ಕು ಮಿಲಿಮೀಟರಿಗಿಂತ ಎತ್ತರ ಇರಬಾರದು. ಚೆಂಡು ಬೀಳುವ ಕುಳಿಯ ಜಾಗ ದಿನಾ ಬದಲಾಗಬೇಕು. ರೀಲಿನ ಸಾಣೆ ಇಂತಿಷ್ಟು ಗಂಟೆಗೊಮ್ಮೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ಹೆಸರಿದ್ದರೆ ಬೆಳಗ್ಗೆ ಆರಕ್ಕೆ ಇಪ್ಪತ್ತೆರಡು ಜನ ಇರಬೇಕು, ಸಂಬಳ ಅವರ ಖಾತೆಗೆ ನೇರ ಹೋಗಬೇಕು. ತಪ್ಪಿದರೆ ಎಷ್ಟು ಕಡಿತ ಅನ್ನುವುದೂ ಅಲ್ಲೇ ಇರಲಿ. ಯಂತ್ರಗಳು ಪಾಲಿಕೆ ಹೆಸರಿನಲ್ಲೇ ಇರಲಿ. ಇಲ್ಲದಿದ್ದರೆ ಗುತ್ತಿಗೆ ಮುಗಿದ ಮಾರನೇ ದಿನ ಶೆಡ್ಡು ಖಾಲಿ, ಹುಲ್ಲು ಮೊಣಕಾಲುದ್ದ.

ದರದ ವಿಷಯ ಬೇಗ ಮುಗಿಸುತ್ತೇನೆ. ಟಾರಿ ಪೈನ್ಸ್‌ನಲ್ಲಿ ಊರಿನವರಿಗೆ ಕಡಿಮೆ, ಹೊರಗಿನವರಿಗೆ ಹಲವು ಪಟ್ಟು ದರ. ನಾವೂ ಹಾಗೇ ಮಾಡಬಹುದು, ಆದರೆ ಊರಿನವರು ಅನ್ನುವುದಕ್ಕೆ ಆಸ್ತಿ ತೆರಿಗೆ ರಸೀದಿ ಕೇಳಬೇಡಿ. ಬಾಡಿಗೆ ಮನೆಯವರು ಹೊರಗುಳಿಯುತ್ತಾರೆ. ಬೆಂಗಳೂರಿನ ವಿಳಾಸ ಇರುವ ಯಾವ ಗುರುತಿನ ಚೀಟಿಯೂ ಸಾಕು. ಶನಿವಾರ, ಭಾನುವಾರ ಬೆಳಗ್ಗೆ ದುಬಾರಿ, ವಾರದ ನಡುವಿನ ಮಧ್ಯಾಹ್ನ ಅಗ್ಗ, ವಿದ್ಯಾರ್ಥಿಗಳಿಗೆ ಇನ್ನೂ ಅಗ್ಗ. ಬೆಳಗಿನ ಹೊತ್ತು ಗಿಜಿಗುಟ್ಟಿದರೆ ಸೇಂಟ್ ಆಂಡ್ರೂಸ್‌ನವರ ಹಾಗೆ ಲಾಟರಿ ಎತ್ತಿ ಹಂಚಿ, ಪರಿಚಯದವರ ಫೋನಿಗೆ ಹಂಚಬೇಡಿ. ದರ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರಲಿ. ಎಂಟು ವರ್ಷ ಸುಮ್ಮನಿದ್ದು ಒಮ್ಮೆಗೇ ಎರಡು ಪಟ್ಟು ಮಾಡಿದರೆ ಗಲಾಟೆ ಆಗದೆ ಇರುತ್ತದೆಯೇ?

ಬೆಳಗ್ಗೆ ಐದೂಮುಕ್ಕಾಲು

ಮಂಡಳಿಯವರು ತಿಂಗಳಿಗೊಮ್ಮೆಯಾದರೂ ಈ ಹೊತ್ತಿಗೆ ಮೈದಾನಕ್ಕೆ ಬರಬೇಕು. ಮಾಲಿಯೊಬ್ಬ ಉದ್ದನೆಯ ಬಿದಿರಿನ ಗಳ ಹಿಡಿದು ಗ್ರೀನಿನ ಮೇಲೆ ಅರ್ಧಚಂದ್ರಾಕಾರದಲ್ಲಿ ಸವರುತ್ತಿರುತ್ತಾನೆ. ಬೆಳ್ಳಗೆ ಹೊದ್ದುಕೊಂಡ ಇಬ್ಬನಿ ಗಳ ತಾಗಿದಲ್ಲೆಲ್ಲ ಒಡೆದು, ಅಲ್ಲಿ ಕಡುಹಸಿರಿನ ಪಟ್ಟೆ ಬೀಳುತ್ತದೆ. ಹುಲ್ಲು ಬೇಗ ಒಣಗಿದರೆ ರೋಗ ಕಡಿಮೆ. ಒಂದು ಗಳದ ಕೆಲಸ ಔಷಧಿಯ ಖರ್ಚು ಉಳಿಸುತ್ತದೆ. ಅವನ ಹಿಂದೆ ನಾಲ್ಕೈದು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಸಣ್ಣ ಚಾಕುವಿನಿಂದ ಜೇಕಿನ ಗೆಡ್ಡೆ ಎಬ್ಬಿಸುತ್ತಾರೆ. ಗೆಡ್ಡೆ ತುಂಡಾಗದೆ ಪೂರ್ತಿ ಬರಬೇಕು, ಇಲ್ಲವಾದರೆ ಒಂದಿದ್ದದ್ದು ನಾಲ್ಕಾಗುತ್ತದೆ. ಈ ಕೈಕೆಲಸ ತಿಳಿದವರನ್ನು ವರ್ಷಕ್ಕೊಮ್ಮೆ ಬದಲಾಯಿಸುವ ಗುತ್ತಿಗೆದಾರ ಮೈದಾನದ ಬೇರನ್ನೇ ಕೀಳುತ್ತಿದ್ದಾನೆ. ಗುತ್ತಿಗೆ ಬದಲಾದರೂ ಕೆಲಸಗಾರರು ಮುಂದುವರಿಯಬೇಕು ಅನ್ನುವ ಷರತ್ತು ಹಾಕಿ. ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ, ಔಷಧಿ ಹೊಡೆಯುವವರಿಗೆ ಕೈಗವಸು, ಮುಖಗವಸು. ಕ್ಯಾಡಿಗಳಿಗೆ ನಿಗದಿತ ದರ ಹಲಗೆ ಮೇಲಿರಲಿ, ಅಪಘಾತ ವಿಮೆ ಇರಲಿ. ನಮ್ಮ ತಂದೆಯ ಎಡಗಣ್ಣಿಗೆ ಚೆಂಡು ಬಡಿದಾಗ ಮನೆಯ ಬೆಳ್ಳಿ ಲೋಟ ಅಡವಿಟ್ಟು ಆಸ್ಪತ್ರೆಗೆ ಕಟ್ಟಿದ್ದೆವು.

ಸೋಮವಾರ

ಸೋಮವಾರ ರಜೆ ಅಂದೆನಲ್ಲ, ಅದು ಹುಲ್ಲಿಗೆ. ಬೆಳಗ್ಗೆ ಗ್ರೀನಿಗೆ ತೂತು ಹೊಡೆಯುವುದು, ಮರಳು ಎರಚುವುದು, ಔಷಧಿ ಇದ್ದರೆ ಹೊಡೆಯುವುದು. ಔಷಧಿ ಹೊಡೆದ ದಿನ ಬಿಟ್ಟು ಉಳಿದ ಸೋಮವಾರ ಮಧ್ಯಾಹ್ನ ಮೂರರಿಂದ ಮೈದಾನವನ್ನು ಕ್ಯಾಡಿಗಳಿಗೂ ಸುತ್ತಲಿನ ಸರ್ಕಾರಿ ಶಾಲೆ ಮಕ್ಕಳಿಗೂ ಬಿಟ್ಟುಕೊಡಿ, ಚೀಟಿ ಇಲ್ಲದೆ. ನಾನು ಆಟ ಕಲಿತದ್ದೂ ಸೋಮವಾರಗಳಲ್ಲೇ. ಒಬ್ಬ ತರಬೇತುದಾರ, ಇಪ್ಪತ್ತು ಮಕ್ಕಳು, ಶಾಲೆಯಿಂದ ಬರಲು ಒಂದು ವ್ಯಾನು, ಬಾಳೆಹಣ್ಣು, ಹಾಲು. ಸಿಎಸ್‌ಆರ್ ಕೇಳಬೇಕಾದದ್ದು ಇದಕ್ಕೆ.

ಮಕ್ಕಳಿಗೆ ಅಂತ ಹೊಸ ಕ್ಲಬ್ಬು, ಅಂದರೆ ಚೆಂಡು ಹೊಡೆಯುವ ಕೋಲು, ಕೊಳ್ಳಬೇಕಾಗಿಲ್ಲ. ದೊಡ್ಡವರ ಹಳೇ ಏಳನೇ ನಂಬರ್ ಐರನ್ (ಲೋಹದ ತಲೆಯ ಕ್ಲಬ್ಬು) ಕೇಳಿ ತನ್ನಿ. ಮಗುವನ್ನು ನೇರ ನಿಲ್ಲಿಸಿ ಕ್ಲಬ್ಬಿನ ತಲೆ ನೆಲಕ್ಕೆ ತಾಗಿಸಿ, ಸೊಂಟದ ಮಟ್ಟಕ್ಕೆ ಸ್ವಲ್ಪ ಮೇಲೆ ಗುರುತು ಮಾಡಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ. ಅಂಚನ್ನು ಅರದಿಂದ ಉಜ್ಜಿ, ಸೈಕಲ್ ಹ್ಯಾಂಡಲಿನ ಟೇಪನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ತೂಕ ಸ್ವಲ್ಪ ಹೆಚ್ಚೇ ಇರುತ್ತದೆ, ಆದ್ದರಿಂದ ಎರಡು ಬೆರಳು ಕೆಳಗೆ ಹಿಡಿಯಲು ಹೇಳಿಕೊಡಿ. ನಮ್ಮ ಶೆಡ್ಡಿನಲ್ಲಿ ನಾನು ಹೀಗೆ ಕೊಯ್ದು ಸುತ್ತಿದ ಹನ್ನೊಂದು ಕ್ಲಬ್ಬು ಇನ್ನೂ ಇವೆ; ಬೇಕಾದವರು ಮನೆಗೆ ಬಂದು ತೆಗೆದುಕೊಂಡು ಹೋಗಬಹುದು.